ಐತವಾರದ ಕತ್ತಿ

ಕತ್ತಿ ಚಲೋನೋ, ರೇಜರ್ ಚಲೋನೋ ಅಂತ ಗಂಡಸರು ಕಟ್ಟಿ ಮ್ಯಾಲೆ ಕುಂತು ಜಗಳಾಡ್ತಾರ. ನನ್ನ ಕೇಳ್ರಿ, ನಾ ಹೇಳ್ತೇನಿ. ನನಗ ಗಡ್ಡ ಇಲ್ಲ, ಅದು ಖರೆ. ಆದ್ರ ಹದಿನಾಲ್ಕು ತಿಂಗಳು ಒಬ್ಬ ಗಂಡಸಿನ ಗಡ್ಡ ನನ್ನ ಕೈಲೇ ತೆಗದೀನಿ. ನಮ್ಮ ಇಳಕಲ್ಲಾಗ ಯಾವ ಗಂಡಸೂ ತನ್ನ ಗಡ್ಡನ ನನ್ನಷ್ಟು ನಿಗಾ ಇಟ್ಟು ನೋಡಿರಾಕಿಲ್ಲ.

ಆ ಗಂಡಸು ನನ್ನ ಗಂಡ, ಕಾಶಪ್ಪ. ಗಂಡನ ಹೆಸರು ಹೇಳಬಾರದು ಅಂತಾರ. ಮೂವತ್ತೆರಡು ವರ್ಷ ಹೇಳಿಲ್ಲ, ಈಗ ಹೇಳ್ತೇನಿ, ಸಿಟ್ಟು ಬಂದೈತಿ.

ನಮ್ಮದು ನೇಕಾರಕಿ ಮನಿ. ಒಂದ ಮನಿ ಇದ್ದದ್ದು ನಡುವ ಗ್ವಾಡಿ ಎದ್ದು ಎರಡಾಗೇತಿ. ಈ ಕಡೆ ನಾವು, ಆ ಕಡೆ ನನ್ನ ಮೈದುನ ನಿಂಗಣ್ಣ, ಅವನ ಹೆಣ್ತಿ ಲಕ್ಕವ್ವ. ಗ್ವಾಡಿ ಈಚೆ ಒಂದು ಕುಣಿ ಮಗ್ಗ, ಆಚೆ ಒಂದು ಕುಣಿ ಮಗ್ಗ. ಕಾಶಪ್ಪ ನೇಯೂದರಾಗ ಸುಮಾರು, ಮಾತಿನ್ಯಾಗ ಮಾತ್ರ ಊರಿಗೇ ಮುಂದ. ಸೀರಿ ಕೊಳ್ಳಾಕ ಬಂದವ್ರಿಗೆ ಕಥಿ ಹೇಳಾಂವ, ಚಾದ ಅಂಗಡ್ಯಾಗ ಮಂದಿ ನಕಲಿ ಮಾಡಿ ನಗಸಾಂವ. ಮನ್ಯಾಗೂ ಅವ್ರದ ಮಾತು. ನಾ ಒಂದು ಹೇಳಾಕ ಬಾಯಿ ತೆಗೆಯೂದ್ರಾಗ ಅವ್ರು ಹತ್ತು ಹೇಳಿ ಮುಗಸ್ತಿದ್ರು. ಮೂವತ್ತು ವರ್ಷ ನಾ ಬರೇ ಹೂಂ ಹೂಂ ಅಂದಾಕಿ.

ಹೋದ ವರ್ಷ ಲಕ್ವಾ ಹೊಡೀತು. ಬಲಗೈ, ಬಲಗಾಲು, ಬಾಯಿ, ಮೂರೂ ಒಂದ ಏಟಿಗೆ ಹೋದ್ವು. ಬಾಗಲಕೋಟಿ ದವಾಖಾನ್ಯಾಗ ಹನ್ನೆರಡು ದಿನ ಇದ್ವಿ. ಅಲ್ಲಿ ಮಾತು ಕಲಸೂ ಡಾಕ್ಟರಮ್ಮ ಒಬ್ಬಾಕಿ ನನ್ನ ಕುಂದರಿಸಿಕೊಂಡು ಹೇಳಿದ್ಲು. "ಮಾತು ಬಂದ್ರೂ ಬರಬಹುದ್ರಿ, ಬರಲಿಕ್ಕೂ ಇಲ್ಲ. ನೀವು ಹೇಳಿದ್ದು ಅವ್ರಿಗೆ ಎಷ್ಟು ತಿಳೀತೈತಿ ಅಂತಾನೂ ಈಗ ಹೇಳಾಕ ಬರಂಗಿಲ್ಲ. ಆದ್ರ ಅವ್ರ ಜೋಡಿ ಮಾತಾಡೂದು ಮಾತ್ರ ಬಿಡಬ್ಯಾಡ್ರಿ. ಕಿವಿಗೆ ಮಾತು ಬೀಳಕೋತ ಇರ್ಲಿ."

ಅವತ್ತಿನಿಂದ ನನಗ ಬ್ಯಾರೇ ಆಸೆ ಇರಲಿಲ್ಲ. ನನ್ನ ಕಡೆ ತಿರುಗಿ ಒಂದ ಒಂದು ಮಾತು ಆಡಬೇಕು. ಗುರವ್ವಾ ಅಂತ ಕರದ್ರ ಸಾಕು. ನೀರು ಕೊಡು ಅಂದ್ರೂ ಸಾಕು, ಹಡಸು ಮುದಕಿ ಅಂತ ಬೈದ್ರೂ ಸಾಕು. ಕಾಲು ಹೋಗ್ಲಿ, ಕೈ ಹೋಗ್ಲಿ, ಶಿವನ, ಆ ಬಾಯಿ ಒಂದು ತಿರುಗಿ ಕೊಡೋ ಅಂತ ದಿನಾ ಲಿಂಗದ ಮುಂದ ಬೇಡಕೊಂಡೀನಿ.

ರೇಜರ್ ತಂದಾಕಿ ನನ್ನ ಮಗಳು ಶಿವಗಂಗಾ. ಆಕಿನ್ನ ಗುಡೂರಿಗೆ ಕೊಟ್ಟೀವಿ. ದವಾಖಾನಿ ಎದರಿನ ಅಂಗಡ್ಯಾಗ ಕೊಂಡು ತಂದು ನನ್ನ ಕೈಯಾಗ ಇಟ್ಲು. ಸ್ಟೀಲಿಂದು, ಭಾರ ಐತಿ, ಹಿಡಿಕಿ ತಿರುವಿದ್ರ ಮ್ಯಾಲೆ ಎರಡು ಬಾಗಲಾ ತೆರದಂಗ ತೆರೀತೈತಿ, ನಡುವ ಬ್ಲೇಡ್ ಇಟ್ಟು ಮತ್ತ ತಿರುವಿದ್ರ ಮುಚ್ಚತೈತಿ. "ಅವ್ವಾ, ಅಪ್ಪಗ ರಕ್ತ ತೆಳ್ಳಗ ಮಾಡೂ ಗುಳಿಗಿ ಕೊಟ್ಟಾರ. ಕೊಯ್ತಂದ್ರ ರಕ್ತ ನಿಂದ್ರಂಗಿಲ್ಲ. ತೆರದ ಕತ್ತಿ ಬ್ಯಾಡ, ಇದರಾಗ ಬ್ಲೇಡಿಗೆ ಆಸರ ಐತಿ, ಕೊಯ್ಯಂಗಿಲ್ಲ" ಅಂದ್ಲು. ಕೊಯ್ಯಂಗಿಲ್ಲ ಅಂದ್ರ ಏನು, ಮೊದಲ್ನೇ ವಾರ ನಾ ಗದ್ದದ ಕೆಳಗ ಕೊಯ್ದು, ಅರ್ಧಾ ತಾಸು ಅರಿವಿ ಒತ್ತಿ ಹಿಡಕೊಂಡು ಕುಂತೆ. ಆಮ್ಯಾಲೆ ನನ್ನ ಮುಂಗೈ ಮ್ಯಾಲಿನ ಕೂದಲಾ ತೆಗದು ತೆಗದು ಕೈ ಹದಾ ಮಾಡ್ಕೊಂಡೆ. ರೇಜರ್ ಒತ್ತಬಾರದು, ಅದರ ಭಾರಕ್ಕ ಅದನ್ನ ಬಿಡಬೇಕು, ಅಷ್ಟ ಗುಟ್ಟು.

ವಾರದಾಗ ಐದು ದಿನ ನನ್ನ ರೇಜರ್. ಸೋಮವಾರ ನಮ್ಮ ಮನ್ಯಾಗ ಗಡ್ಡಕ್ಕ ಏನೂ ಹಚ್ಚಂಗಿಲ್ಲ. ಐತವಾರ ಮಾತ್ರ ಹಡಪದ ಅಮಾತೆಪ್ಪನ ಕತ್ತಿ. ಅದು ನಿಂಗಣ್ಣನ ಹಟ. "ವಾರಕ್ಕೊಮ್ಮಿ ನಮ್ಮ ಅಣ್ಣನ ಮಾರಿಗೆ ಖರೇ ಕತ್ತಿ ಬೀಳ್ಲಿ ವೈನಿ. ಅಮಾತೆಪ್ಪನ ಅಪ್ಪ ನಮ್ಮ ಅಪ್ಪಗ ಮಾಡ್ತಿದ್ದ" ಅಂದ. ಅಮಾತೆಪ್ಪ ಅಂದ್ರ ಅರವತ್ತರ ಮ್ಯಾಲಿನ ಮನಷ್ಯಾ, ಸಮಾಧಾನಿ. ಅಂಗಡ್ಯಾಗ ಅರ್ಧ ಬ್ಲೇಡಿನ ಕತ್ತಿ ಹಿಡದ್ರೂ ಹಳೇ ಮನಿಗೆ ಬರೂ ಮುಂದ ಅವರಪ್ಪನ ಕತ್ತೀನ ತರಾಂವ. ಬಿಸಿನೀರಾಗ ಅದ್ದಿ, ಕಲ್ಲಿಗೆ ತಿಕ್ಕಿ, ಚರ್ಮದ ಪಟ್ಟಿ ಮ್ಯಾಲೆ ಈ ಕಡೆ ಆ ಕಡೆ ಸರ್ ಸರ್ ಅಂತ ಎಳದು, ಆಮ್ಯಾಲೆ ಗಲ್ಲಕ್ಕ ಹಚ್ಚಾಂವ. ನಂದು ಹತ್ತು ನಿಮಿಷದಾಗ ಮುಗೀತಿತ್ತು. ಅವಂದು ಮುಕ್ಕಾಲು ತಾಸು.

ನನಗೂ ಅವಂಗೂ ಇದ ಚೇಷ್ಟಿ. "ಅಕ್ಕಾರ, ರೇಜರ್ ಗಡ್ಡ ಮೇಯ್ತೈತ್ರಿ, ಕತ್ತಿ ಗಡ್ಡ ಕೊಯ್ತೈತ್ರಿ. ಎಮ್ಮಿ ಮೇದ ಹೊಲಕ್ಕೂ ಕುಡಗೋಲು ಆಡಿಸಿದ ಹೊಲಕ್ಕೂ ಫರಕ್ ಇಲ್ಲೇನ್ರಿ?" ಅಂತಿದ್ದ.

"ಎಮ್ಮಿ ಯಾರ ಗಂಟಲಾನೂ ಕೊಯ್ಯಂಗಿಲ್ಲಪಾ ಅಮಾತೆಪ್ಪ, ಅದೂ ಒಂದು ಫರಕ" ಅಂತಿದ್ದೆ ನಾ.

ಆದ್ರ ಖರೆ ಹೇಳಬೇಕಂದ್ರ ಅವನ ಕೈ ಅವನ ಕೈನ. ಐತವಾರ ಅವ ಮಾಡಿಹೋದ ಗಲ್ಲ ಮಂಗಳವಾರದ ಮಟಾನೂ ನುಣ್ಣಗಿರ್ತಿತ್ತು. ನಾ ಮುಂಜಾನೆ ಮಾಡಿದ್ದು ಸಂಜೀಕ ಅನ್ನೂದ್ರಾಗ ಕೈಗೆ ಚುಚ್ಚತಿತ್ತು. ನನಗ ಹೊಟ್ಟಿಕಿಚ್ಚು ಆಗ್ತಿತ್ತು. ದಿನಾ ಮಾಡೂದಕ್ಕ ರೇಜರ್ ಸಾಕು, ನೆಟ್ಟಗ ಐತಿ, ಜೀವಕ್ಕ ಧಕ್ಕೆ ಇಲ್ಲ ಅಂತ ನನಗ ನಾನ ಸಮಾಧಾನ ಹೇಳ್ಕೊಂತಿದ್ದೆ. ಐತವಾರ ಅವ ಬಂದಕೂಡ್ಲೆ ನಾ ಜ್ವಾಳದ ಚೀಲಾ ತಗೊಂಡು ಗಿರಣಿಗೆ ಹೋಗ್ತಿದ್ದೆ. ಬರೂದ್ರಾಗ ಅವ ಪಟಿಕದ ಕಲ್ಲು ಹಚ್ಚಿ, ಪೆಟಿಗಿ ಮುಚ್ಚಿ ಹೋಗಿರ್ತಿದ್ದ.

ಡಾಕ್ಟರಮ್ಮ ಹೇಳಿದಂಗ ನಾ ಮಾತಾಡ್ತಿದ್ದೆ. ಯಾವಾಗಂದ್ರ, ಗಡ್ಡ ತೆಗೆಯೂ ಮುಂದ. ಆಗ ಮಾರಿ ಮಾರಿಗೆ ಹತ್ತಿರ ಇರ್ತೈತಿ, ಕೈಗೆ ಕೆಲಸ ಇರ್ತೈತಿ, ಮಾತು ತಾನ ಬರ್ತೈತಿ. "ನೋಡ್ರಿ, ಇವತ್ತ ಗಿರಣ್ಯಾಗ ಏನಾತಂದ್ರ..." ಅಂತ ಸುರು ಮಾಡಿದ್ರ ಮುಗಿಯೂದ ಇಲ್ಲ. "ಈ ರೇಜರಿನ ಬಾಯಿ ತಿರುವಿದ್ರ ತೆರೀತೈತಿ, ನಿಮ್ಮ ಬಾಯಿ ಯಾವಾಗ ತೆರೆಯೂದು?" ಅಂತ ಕಾಡಸ್ತಿದ್ದೆ. ಅವ್ರು ಕಣ್ಣು ಮಿಟಕಸದ ನನ್ನ ನೋಡ್ತಿದ್ರು. ಮಾತಿಗೆ ಅಡ್ಡ ಬರಾವ್ರಿಲ್ಲ, ನಗಾವ್ರಿಲ್ಲ. ದಿನಾ ಹೋದಂಗೆಲ್ಲಾ ನಾ ಗಿರಣಿ ಸುದ್ದಿ ಬಿಟ್ಟು ಹೊಟ್ಟ್ಯಾಗಿನ ಸುದ್ದಿಗೆ ಇಳದೆ. ತವರಮನಿ ಸುದ್ದಿ, ಅವ್ರ ಅವ್ವ ನನಗ ಕೊಟ್ಟ ಕಾಟ, ಅವ್ರ ಮ್ಯಾಲಿದ್ದ ಸಿಟ್ಟು, ಪ್ರೀತಿನೂ. ಮೂವತ್ತು ವರ್ಷದಾಗ ಆಡದ ಮಾತು ಮೂರು ತಿಂಗಳದಾಗ ಆಡಿದೆ.

ಆ ಬ್ಲೇಡಿನ ಕಾಗದ ಬಿಚ್ಚಿದಾಗೆಲ್ಲಾ ನನಗ ಒಂದು ಹಳೇದು ನೆನಪಾಗ್ತಿತ್ತು. ಒಂದಿನ ಅದನ್ನೂ ಹೇಳಿಬಿಟ್ಟೆ.

ಇಪ್ಪತ್ತೇಳು ವರ್ಷದ ಹಿಂದಿನ ಮಾತು. ಲಕ್ಕವ್ವ ಆಗ ಹೊಸಾ ಸೊಸಿ, ಬಾದಾಮಿ ಕಡಿಯಾಕಿ, ಕುಳಗೇರಿ ಕ್ರಾಸಿನಿಂದ ಬಂದಾಕಿ. ಕೈ ಭಾಳ ಚುರುಕು. ನಮ್ಮ ಅತ್ತಿ ಓಣಿ ಹೆಂಗಸರನ್ನ ಕರದು ಲಕ್ಕವ್ವ ನೇಯ್ದ ಸೆರಗು ತೋರಿಸಿ, ನನ್ನ ಕಡೆ ಕೈಮಾಡಿ, "ಇದೂ ಒಂದು ಕೈ ಐತಿ, ಸಗಣಿ ತಟ್ಟಾಕಷ್ಟ ಲಾಯಕ" ಅಂದ್ಲು. ಎಲ್ಲಾರೂ ನಕ್ರು. ಲಕ್ಕವ್ವನೂ ನಕ್ಲು, ಹದಿನೆಂಟರ ಹುಡುಗಿ, ಅದಕ್ಕೇನು ತಿಳೀತಿತ್ತು! ಮರುದಿನ ಮಧ್ಯಾಹ್ನ ಎಲ್ಲಾರೂ ಮದವಿ ಊಟಕ್ಕ ಹೋದಾಗ ನಾ ತೆಲಿಬ್ಯಾನಿ ಅಂತ ಮನ್ಯಾಗ ಉಳದೆ. ದಾರ ಕತ್ತರಸಾಕ ಮಗ್ಗದ ಬಾಜೂಕ ಅರ್ಧ ಬ್ಲೇಡು ಇಟ್ಟಿರ್ತೀವಿ. ಅದನ್ನ ತಗೊಂಡು ಲಕ್ಕವ್ವನ ಮಗ್ಗದ ಮ್ಯಾಲೆ ಉದ್ದಕ ಬಿಗದ ಹಾಸಿನ್ಯಾಗ ಮೂವತ್ತು ನಲವತ್ತು ಎಳಿ ಕೊಯ್ದೆ. ಕೊಯ್ದದ್ದು ತಿಳೀಬಾರದು ಅಂತ ಎಳಿ ತುದಿ ಹಲ್ಲಿಲೇ ಕಡದು, ಇಲಿ ಕಡದಂಗ ಜಿಬರ ಮಾಡಿದೆ. ಹಾಸಿನ ಎಳಿಗೆ ಗಂಜಿ ಕುಡಿಸಿರ್ತೀವಲ್ಲ, ಅದರ ರುಚಿಗೆ ಇಲಿ ಬರ್ತಾವು, ಎಲ್ಲಾರಿಗೂ ಗೊತ್ತಿದ್ದದ್ದ. ಅತ್ತಿ ಬಂದು ನೋಡಿ, "ಕುಣ್ಯಾಗ ಕುಂತು ರೊಟ್ಟಿ ತಿಂದು ಚೂರು ಚೆಲ್ಲೀದಿ, ಅದಕ್ಕ ಇಲಿ ಬಂತು" ಅಂತ ಲಕ್ಕವ್ವನ ಕಪಾಳಕ್ಕ ಹೊಡದು, ತಿಂಗಳದ ಮಟ ತವರಮನಿಗೆ ಹಾಕಿದ್ಲು. ನೇಕಾರರ ಮನ್ಯಾಗ ಹಾಸು ಕೊಯ್ಯೂದಂದ್ರ ಕೂಸಿನ ಕುತ್ತಿಗಿ ಹಿಚಿಕಿದಂಗ. ನಾ ಮಾಡೀನಿ. ಬಾಯಿ ಬಿಡಲಿಲ್ಲ.

ಅದ ಲಕ್ಕವ್ವ ಮುಂದ ನನಗ ಒಡಹುಟ್ಟಿದಾಕಿಗಿಂತ ಹೆಚ್ಚಾದ್ಲು. ಕಾಶಪ್ಪ ಬಿದ್ದ ದಿನ ಓಡಿ ಬಂದು ತೊಡಿ ಮ್ಯಾಲೆ ತೆಲಿ ಇಟ್ಕೊಂಡಾಕಿ ಆಕಿ. ದಿನಾ ಎರಡು ರೊಟ್ಟಿ ಜಾಸ್ತಿ ಬಡದು ಕೊಟ್ಟಾಕಿ ಆಕಿ. ಆಕಿ ರೊಟ್ಟಿ ತಿನ್ನೂ ಮುಂದ ನನಗ ಆ ಹಾಸು ನೆನಪಾಗ್ತಿತ್ತು. ಅದಕ್ಕ ಆ ಮಾತು ಗಂಡನ ಮುಂದ ಹೇಳಿ, ಅವ್ರ ಹೆಗಲ ಮ್ಯಾಲಿನ ಟಾವೆಲ್ಲಾಗ ಮಾರಿ ಇಟ್ಟು ಅತ್ತೆ. ಹೇಳಿ ಹಗುರಾದೆ. ಗ್ವಾಡಿಗೆ ಹೇಳಿದಂಗ ಅಲ್ಲೇನು ಅಂತ ತಿಳಕೊಂಡೆ.

ಮೂರು ವಾರ ಆಗಿರಬೇಕು. ಒಂದು ಬುಧವಾರ ಲಕ್ಕವ್ವ ಬಂದು ಬಾಗಲದಾಗ ನಿಂತ್ಲು. ಒಳಗ ಬರಲಿಲ್ಲ. ಕೈಯಾಗ ರೊಟ್ಟಿ ಬುಟ್ಟಿ ಇರಲಿಲ್ಲ.

"ಅಕ್ಕಾ, ಇಲಿ ಅಲ್ಲಂತಲ್ಲ" ಅಂದ್ಲು.

"ಯಾವ ಇಲಿ?" ಅಂದೆ, ಗೊತ್ತಿಲ್ಲದಾಕಿಗತೆ.

"ನನ್ನ ಹಾಸಿನ ಇಲಿ" ಅಂದು, ನನ್ನ ಕಾಲಿಂದ ತೆಲಿಮಟ ಒಮ್ಮಿ ನೋಡಿ ಹೊಳ್ಳಿ ಹೋದ್ಲು.

ಯಾರು ಹೇಳಿದ್ರು? ಗಂಡನ ಮುಂದ ಬಿಟ್ರ ನಾ ದೇವರ ಮುಂದ ಸೈತ ಬಾಯಿಬಿಟ್ಟು ಆ ಮಾತು ಆಡಿದಾಕಿ ಅಲ್ಲ. ನಿದ್ದ್ಯಾಗ ಬಡಬಡಿಸಿದ್ನೇನು? ಜ್ವರ ಬಂದಾಗ ಮಗಳ ಮುಂದ ಏನರ ಅಂದ್ನೇನು? ತಿರುವಿ ಮುರುವಿ ವಿಚಾರ ಮಾಡಿದೆ. ಗಂಡನ ಮ್ಯಾಲೆ ಮಾತ್ರ ಎಳ್ಳಷ್ಟೂ ಸಂಶಾ ಬರಲಿಲ್ಲ, ಮೂಕ ಬಸವಣ್ಣನ ಮ್ಯಾಲೆ ಯಾರು ಸಂಶಾ ಪಡ್ತಾರ? ಮರುದಿನ ಬ್ಯಾಸ್ತವಾರ ಗಡ್ಡ ತೆಗೆಯೂ ಮುಂದ ಅವ್ರ ಮುಂದನ ಗೋಳಾಡಿದೆ. "ಯಾರೋ ಲಕ್ಕವ್ವಗ ಹೇಳ್ಯಾರ್ರೀ. ಯಾವ ಹಾಟ್ಯಾ ಹೇಳಿದ್ನೋ, ಅವನ ನಾಲಿಗಿ ಸೇದಿ ಹೋಗ್ಲಿ" ಅಂತ ಬೈದು ಅತ್ತೆ. ನನ್ನ ಗಂಡ ಸಾಬೂನದ ಬುರುಗಿನ್ಯಾಗಿಂದ ನನ್ನ ನೋಡಿದ್ರು. ಕಲ್ಲು. ಕಲ್ಲಿಗತೆ ನೋಡಿದ್ರು.

ಐತವಾರ ಅಮಾತೆಪ್ಪ ಬಂದ. ನಾ ಚೀಲಾ ತಗೊಂಡು ಗಿರಣಿಗೆ ಹೋದೆ. ಕರೆಂಟ್ ಇರಲಿಲ್ಲ, ಚೀಲಾ ಅಲ್ಲೇ ಇಟ್ಟು ಹೊಳ್ಳಿ ಬಂದೆ. ಮುಂದಿನ ಬಾಗಲದಿಂದ ಬಂದ್ರ ಲಕ್ಕವ್ವನ ಕಟ್ಟಿ ದಾಟಿ ಬರಬೇಕು, ಆಕಿ ಮಾರಿ ನೋಡಾಕ ನಾಚಿಕಿ ಆಗಿ ಹಿತ್ತಲ ಕಡಿಯಿಂದ ಬಂದೆ. ಬಚ್ಚಲದ ಮಗ್ಗಲಿಗೆ ಬರೂದ್ರಾಗ ಒಳಗಿಂದ ಇಬ್ಬರ ಮಾತು ಕೇಳಿಸ್ತು. ಒಂದು ಅಮಾತೆಪ್ಪಂದು.

"ಹೇಳಿಬಿಡ್ರಿ ಯಜಮಾನ್ರ. ಅಕ್ಕಾರ ಮಾರಿ ನೋಡಾಕ ಆಗವಲ್ದ್ರಿ ನನಗ."

ಇನ್ನೊಂದು ದನಿ ತೊದಲತಿತ್ತು, ನಿಂತು ನಿಂತು ಬರ್ತಿತ್ತು. ಆದ್ರ ಅದನ್ನ ನಾ ಸತ್ತು ಮಣ್ಣಾಗ ಇಟ್ರೂ ಗುರತು ಹಿಡೀತೇನಿ. "ಹೇಳಿದ್ರ... ಆಕಿ ನನ್ನ ಮುಂದ... ಮಾತಾಡೂದು ಬಿಡ್ತಾಳಲೇ."

ಸುಳ್ಳ ಯಾಕ ಹೇಳ್ಲಿ, ಮೊದಲ ಬಂದದ್ದು ಖುಷಿ. ಅಯ್ಯ ನನ್ನ ಶಿವನ, ಮಾತು ಬಂದೈತಿ, ಮಾತು ಬಂದೈತಿ ಅಂತ ಓಡಿ ಹೋಗಿ ಕಾಲು ಹಿಡೀಬೇಕು ಅನಸ್ತು. ಒಂದು ಹೆಜ್ಜಿ ಇಟ್ಟೆ ಸೈತ. ಅಷ್ಟ್ರಾಗ ಅವ್ರು ದನಿ ಸಣ್ಣ ಮಾಡಿ, "ನೋಡ್ರಿ... ಇವತ್ತ ಗಿರಣ್ಯಾಗ... ಏನಾತಂದ್ರ..." ಅಂದ್ರು. ನನ್ನ ನಕಲಿ. ನನ್ನ ಮೂಗಿನ ದನಿ, ನಾ ಸೆರಗು ಸರಿ ಮಾಡ್ಕೊಂಡು ಉಸುರು ಬಿಡೂದು, ಎಲ್ಲಾ. ಚಾದ ಅಂಗಡ್ಯಾಗ ಮಂದಿ ನಗಸತಿದ್ರಲ್ಲ, ಹಂಗ. ಅಮಾತೆಪ್ಪಗ ನಗು ಬಂತು. "ಅಲುಗಾಡಬ್ಯಾಡ್ರಿ, ಗಂಟಲ ಮ್ಯಾಲೆ ಕತ್ತಿ ಐತಿ" ಅಂದ ನಕ್ಕೋತ.

ಇಟ್ಟ ಹೆಜ್ಜಿ ಹಿಂದಕ ತಗೊಂಡೆ. ಬಚ್ಚಲಕಲ್ಲಿನ ಮ್ಯಾಲೆ ಕುಂತೆ. ಉಚ್ಚಿ ಬಳದೀನಿ, ಬಾಯಿ ಒರಸೀನಿ, ಕೂಸಿಗೆ ತಿನಸಿದಂಗ ತುತ್ತು ಮಾಡಿ ತಿನಸೀನಿ, ಅದಕ್ಕ ಒಂದು ಮಾತಿಲ್ಲ. ವಾರಕ್ಕೊಮ್ಮಿ ಬಂದು ಮುಕ್ಕಾಲು ತಾಸು ಕತ್ತಿ ಆಡಸಾಂವಗ ಮಾತು! ಐದು ದಿನ ನಂದು ಯಾವ ಲೆಕ್ಕಕ್ಕಿಲ್ಲ, ಅವನ ಒಂದ ದಿನ ಐದು ದಿನದ ಮ್ಯಾಲೆ! ನಂಬಿಸಿ ಕುತ್ತಿಗಿ ಕೊಯ್ಯೂದು ಅಂತಾರಲ್ಲ, ಅದಕ್ಕ ಕತ್ತಿನೂ ಬೇಕಾಗಂಗಿಲ್ಲ, ರೇಜರೂ ಬೇಕಾಗಂಗಿಲ್ಲ. ಸುಮ್ಮನ ಕುಂತ್ರ ಸಾಕು.

ಅಮಾತೆಪ್ಪ ಪೆಟಿಗಿ ಹಿಡಕೊಂಡು ಹೊಂಟಾಗ ಸಂದ್ಯಾಗ ಅಡ್ಡಗಟ್ಟಿದೆ. ನನ್ನ ಮಾರಿ ನೋಡಿದ್ದ ತಡ, ಪೆಟಿಗಿ ಕೆಳಗ ಇಟ್ಟ.

"ಯಾವಾಗಿಂದ?" ಅಂದೆ.

"ಶ್ರಾವಣದಿಂದ್ರಿ ಅಕ್ಕಾರ. ಐದು ತಿಂಗಳಾತ್ರಿ. ಕತ್ತಿ ಗಂಟಲ ಮ್ಯಾಲೆ ಇದ್ದಾಗ ಒಮ್ಮಿಗೇ 'ಸಾವಕಾಶ' ಅಂದ್ರು. ನಡುಗಿಬಿಟ್ಟೆ ನಾ. ಅವತ್ತ ನಿಮಗ ಹೇಳಾಕ ಎದ್ದೆ, ಕೈ ಹಿಡದು ಕುಂದರಿಸಿ ಕತ್ತಿ ಮುಟ್ಟಿಸಿ ಆಣಿ ಮಾಡಿಸ್ಕೊಂಡ್ರು. ಹಡಪದಾಂವ ಕತ್ತಿ ಮುಟ್ಟಿ ಆಣಿ ಮಾಡಿದ್ರ ಮುಗೀತ್ರಿ, ಬಾಯಿ ಬಿಡಾಕ ಬರಂಗಿಲ್ಲ."

"ಲಕ್ಕವ್ವನ ಮುಂದ ಬಾಯಿ ಬಿಟ್ಟೆಲ್ಲ!"

ಅವ ತೆಲಿ ತೆಗ್ಗಿಸಿದ. "ಅದನ್ನೂ ಅವ್ರ ಹೇಳು ಅಂದದ್ರಿ. ನಾ ಒಲ್ಲೆ ಅಂದೆ, ಎರಡು ವಾರ ತಳ್ಳಿದೆ. ನಮ್ಮ ಗುರವ್ವ ಅದನ್ನ ನೆನಸಿ ಅಳತಾಳ, ಲಕ್ಕವ್ವ 'ಹೋಗ್ಲಿ ಬಿಡಕ್ಕಾ' ಅಂದ್ರ ಭಾರ ಇಳೀತೈತಿ, ಹೋಗಿ ಹೇಳು ಅಂದ್ರು. ಯಜಮಾನ್ರ ಹೆಸರು ತೆಗೀದ, ಛಲೋದಕ್ಕಂತನ ಹೇಳಿದೆ ನಾ. ನಂದು ತಪ್ಪಾತ್ರಿ." ಅವನ ಕಣ್ಣಾಗ ನೀರಿತ್ತು. ಅವನ ಮ್ಯಾಲೆ ನನಗ ಸಿಟ್ಟು ಬರಲಿಲ್ಲ.

ಬಂದದ್ದೆಲ್ಲಾ ಒಳಗ ಕುಂತಾಂವನ ಮ್ಯಾಲೆ. ನನ್ನ ಪಾಪ, ನನ್ನ ನೆಗೆಣ್ಣಿ, ನಡುವ ಹೋಗಾಕ ಇವ್ರ್ಯಾರು? ನಾ ಅಳಾಕ ಕುಂತ್ರ ಕಲ್ಲಿಗತೆ ನೋಡಿ, ಆಮ್ಯಾಲೆ ನನ್ನ ಕ್ಷಮಾ ಕೇಳಾಕ ಹಡಪದಾಂವನ ಕಳಸೂದು! ನನಗ 'ಗುರವ್ವಾ, ನೀನ ಹೋಗಿ ಹೇಳು' ಅಂತ ಒಂದು ಮಾತು ಅಂದಿದ್ರ ಸಾಯೂತನಕ ಕಾಲು ತೊಳದು ಕುಡೀತಿದ್ದೆ.

ಒಳಗ ಹೋಗಿ ಜಗಳಾ ತೆಗೀಲಿಲ್ಲ. ಮೈ ತೊಳದೆ, ಉಣಿಸಿದೆ, ಒರಗಿಸಿದೆ. ಅವ್ರ ಗಲ್ಲ ಬೆಣ್ಣಿಗತೆ ನುಣ್ಣಗಿತ್ತು.

ಸೋಮವಾರ ಗಡ್ಡ ಇಲ್ಲ. ಲಕ್ಕವ್ವನ ಮನಿಗೆ ಹೋದೆ. ಆಕಿ ಉಳ್ಳಾಗಡ್ಡಿ ಹೆಚ್ಚತಿದ್ಲು. ನಾ ಕಾಲು ಹಿಡಕೊಂಡೆ, "ನಾನ ಕೊಯ್ದೆ ತಂಗಿ. ನನ್ನ ಕಪಾಳಕ್ಕ ಹೊಡಿ" ಅಂದೆ.

ಲಕ್ಕವ್ವ ಕಾಲು ಹಿಂದಕ ಎಳಕೊಂಡ್ಲು. "ಹಾಸು ಕೊಯ್ದದ್ದಕ್ಕ ನನಗ ಸಿಟ್ಟಿಲ್ಲಕ್ಕಾ. ಆಗ ನೀನೂ ಸಣ್ಣಾಕಿ, ಅತ್ತಿ ನಿನ್ನ ಉರಿಸಿದ್ದು ನಂಗೂ ಗೊತ್ತೈತಿ. ಇಪ್ಪತ್ತೇಳು ವರ್ಷ ಒಂದ ಗಂಗಾಳದಾಗ ಉಂಡೀವಿ. ಯಾವಾಗರ ಒಂದಿನ ನೀ ಹೇಳಿದ್ರ ನಾ ನಕ್ಕು ನಿನ್ನ ಗುದ್ದಿ ಬಿಡ್ತಿದ್ದೆ. ನೀ ನನಗ ಹೇಳಲಿಲ್ಲ. ಹೇಳಬೇಕಾದಾಕಿನ್ನ ಬಿಟ್ಟು ಬ್ಯಾರೆ ಕಡೆ ಹೇಳಿದಿ. ನಾ ಅದನ್ನ ನನ್ನ ಗಂಡನ ದಾಡಿ ಮಾಡಾಕ ಬಂದಾಂವನ ಬಾಯಿಂದ ಕೇಳೂ ಹಂಗಾತು. ಅದು ಸಂಕಟ ಆಗೇತಿ ನನಗ."

ನಾ ಎದ್ದು ಬಂದೆ. ಆಕಿ ಅಂದದ್ದು ಖರೆ. ನನ್ನ ಗಂಡ ನನಗ ಮಾಡಿದ್ದು, ನಾ ಲಕ್ಕವ್ವಗ ಮಾಡಿದ್ದು, ಎರಡೂ ಒಂದ ಜಾತೀದು. ನನಗೂ ತಿಳೀತೈತಿ. ತಿಳದ್ರ ಸಿಟ್ಟು ಇಳೀಬೇಕಂತ ಎಲ್ಲಿ ಬರದೈತಿ?

ಇನ್ನೊಂದೂ ತಿಳೀತೈತಿ ನನಗ. ನನ್ನ ಮಾತು ಕೇಳಬೇಕಂತನ ಅವ್ರು ಸುಮ್ಮನ ಇದ್ದದ್ದು. ಮೂವತ್ತು ವರ್ಷ ಕೇಳದಾವ್ರಿಗೆ ಈಗ ನನ್ನ ಮಾತು ಬೇಕಾತು. ಅದನ್ನ ಕೇಳಿದ್ರ ಯಾವ ಹೆಂಗಸಿನ ಮನಸ್ಸರ ಕರಗೂದ. ನಂದೂ ಒಂದು ಗಳಿಗಿ ಕರಗಿತು. ಆದ್ರ ಬೇಕಂದ್ರ ಬೇಡಬೇಕು, ಕದಿಯೂದಲ್ಲ. ಕದ್ದದ್ದೂ ಹೋಗ್ಲಿ, ಕದ್ದದ್ದನ್ನ ನಕಲಿ ಮಾಡಿ ಇನ್ನೊಬ್ಬನ್ನ ನಗಸೂದಲ್ಲ.

ಮಂಗಳವಾರ ಮುಂಜಾನೆ ಬಿಸಿನೀರು ತಂದೆ. ಕುರ್ಚಿ ಮ್ಯಾಲೆ ಕುಂದರಿಸಿದೆ, ಟಾವೆಲ್ ಸುತ್ತಿದೆ, ಸಾಬೂನ ಹಚ್ಚಿದೆ, ಹೊಸಾ ಬ್ಲೇಡ್ ಹಾಕಿದೆ. ಗಡ್ಡ ತೆಗದೆ. ಒಂದು ಮಾತಾಡಲಿಲ್ಲ. ಅವ್ರು ನನ್ನ ಬಾಯಿ ನೋಡಕೋತ ಕುಂತ್ರು, ನಾ ಈಗ ಸುರು ಮಾಡ್ತೇನಿ, ಆಗ ಸುರು ಮಾಡ್ತೇನಿ ಅಂತ. ಹತ್ತು ನಿಮಿಷದ ಕೆಲಸ ಎಂಟು ನಿಮಿಷದಾಗ ಮುಗೀತು. ರೇಜರಿನ ಚರ್ ಚರ್ ಅಷ್ಟ.

ಬುಧವಾರನೂ ಹಂಗ. ಬ್ಯಾಸ್ತವಾರ ಅವ್ರು ಎಡಗೈಲೆ ನನ್ನ ಸೆರಗು ಜಗ್ಗಿದ್ರು. ನಾ ಬಿಡಿಸ್ಕೊಂಡು ಗದ್ದದ ಕೆಳಗ ರೇಜರ್ ಇಟ್ಟೆ. ಬಾಯಿಗೆ ಬಂದದ್ದನ್ನ ನುಂಗಿದೆ. ದವಾಖಾನ್ಯಾಗಿನ ಡಾಕ್ಟರಮ್ಮ ಹೇಳಿದ ಮಾತು ಮೊದಲ ಸಲ ಮೀರಿದೆ.

ಶುಕ್ರವಾರ ಎಡಗಡೆ ಗಲ್ಲ ಮುಗಿಸಿ ಬಲಗಡೆ ಗಲ್ಲಕ್ಕ ಸಾಬೂನ ಹಚ್ಚತಿದ್ದೆ.

"ಗು... ರವ್ವಾ" ಅಂದ್ರು.

ಕೈ ನಿಂತು ಬಿಡ್ತು. ಅವ್ರ ಕಣ್ಣು ನನ್ನ ಮಾರಿ ಮ್ಯಾಲೆ. ತುಟಿ ಒಂದು ಕಡೆ ಸೊಟ್ಟ ಆಗಿ ನಡಗತಿತ್ತು, ಬುರುಗು ಬಾಯಾಗ ಹೋಗಿತ್ತು. "ಮಾತಾಡ... ಏನರ... ಮಾತಾಡ" ಅಂದ್ರು.

ಹದಿನಾಲ್ಕು ತಿಂಗಳು ಈ ಒಂದು ಹೆಸರಿಗೆ ಬಾಯಿ ತೆರಕೊಂಡು ಕುಂತಿದ್ದೆ. ಬಂತು. ಯಾವುದಕ್ಕ ಬಂತು? ನಾ ಹೆಂಗದೀನಿ ಅಂತ ಕೇಳಾಕಲ್ಲ, ತಪ್ಪಾತು ಅನ್ನಾಕಲ್ಲ. ಅವ್ರ ಕಿವಿಗೆ ಮಾತಿನ ಚಟಾ ಹತ್ತೇತಿ, ಅದಕ್ಕ ಬಂತು. ನನಗ ಅಳು ಬಂತು, ಸಿಟ್ಟೂ ಬಂತು. ಸಾಬೂನ ಇಟ್ಟು ರೇಜರ್ ತಗೊಂಡೆ. ಆಮ್ಯಾಲೆ ಗಲ್ಲದ ತೊಗಲಾ ಬಿಗಿ ಹಿಡದು ಮ್ಯಾಲಿಂದ ಕೆಳಗ ಒಂದು ಸಲ ಎಳದೆ.

"ಹೇಳೂದು ಏನರ ಇದ್ರ ಅಮಾತೆಪ್ಪನ ಕೈಯಾಗ ಹೇಳಿ ಕಳಸ್ರಿ" ಅಂದೆ.

ಗಡ್ಡ ಮುಗಿಸಿ, ಮಾರಿ ಒರಸಿ, ಮಗ್ಗದ ಕುಣ್ಯಾಗ ಇಳದೆ. ಅವ್ರು ಹಿಂದಿಂದ ಗುರವ್ವಾ ಅಂದ್ರು. ಒಂದು ಎಳಿ ಹೊಕ್ಕು ಹಾಕಿದೆ. ಮತ್ತ ಗುರವ್ವಾ ಅಂದ್ರು, ಇನ್ನಷ್ಟು ದೊಡ್ಡ ದನಿಲೇ, ಮೊದಲಿಗಿಂತ ನೆಟ್ಟಗ. ಗ್ವಾಡಿ ಆಚೆ ಲಕ್ಕವ್ವನ ಮಗ್ಗದ ಸಪ್ಪಳ ನಿಂತಿತು. ಆಕಿಗೂ ಕೇಳಿತ್ತು, ಕಾಶಪ್ಪಗ ಮಾತು ಬಂದದ್ದು. ನಾ ಓ ಅಂತೇನಿ ಅಂತ ಆಕಿ ಕಾದಿರಬೇಕು. ನಾ ಅನ್ನಲಿಲ್ಲ. ಸ್ವಲ್ಪ ಹೊತ್ತಿನ ಮ್ಯಾಲೆ ಆಕಿ ಮಗ್ಗ ಮತ್ತ ಸುರು ಆತು, ನಂದೂ ನಡದಿತ್ತು, ಅವ್ರು ಕರೀತಾನ ಇದ್ರು.